ಸಂತೆಯಿಂದ ತಂದ ಹುಂಜ ಹಿಂಡಿಗೆ ಸೇರುವವರೆಗೆ: ಕರಾವಳಿಯ ಸಣ್ಣ ತೋಟಕ್ಕೆ ಹಂತ ಹಂತದ ಮಾರ್ಗದರ್ಶಿ

ಕುಮಟಾ, ಅಂಕೋಲಾ, ಹೊನ್ನಾವರದ ಕಡೆಯಿಂದ ಒಂದೇ ದೂರು ಮತ್ತೆ ಮತ್ತೆ ಕೇಳುತ್ತಿದ್ದೇನೆ. ಘಟ್ಟದ ಮೇಲೆ ಶಿರಸಿಯವರದ್ದೂ ಅದೇ ಮಾತು. "ಒಳ್ಳೇ ಹುಂಜ ಅಂತ ಸಂತೆಯಿಂದ ತಂದೆ. ವಾರ ಕಳೆಯೋದರೊಳಗೆ ಮನೆಯ ಹೇಂಟೆಗಳು ತೂಕಡಿಸೋಕೆ ಶುರುಮಾಡಿದವು. ಹದಿನೈದು ದಿನಕ್ಕೆ ಗೂಡು ಖಾಲಿ." ಇನ್ನು ಕೆಲವರ ಮನೆಯಲ್ಲಿ ಎರಡು ಹುಂಜ ಹೊಡೆದಾಡಿ ಒಂದರ ಕಣ್ಣು ಹೋಗಿರುತ್ತದೆ. ಮತ್ತೆ ಕೆಲವರು ಹನ್ನೆರಡು ಮೊಟ್ಟೆ ಕಾವಿಗೆ ಇಟ್ಟು ಎರಡೇ ಮರಿ ಕಂಡಿರುತ್ತಾರೆ.

ಬಹುಪಾಲು ಕಡೆ ತಪ್ಪು ನಡೆದಿರುವುದು ಕೆಲಸದ ಸರದಿಯಲ್ಲಿ. ಮೊದಲು ಹುಂಜ ಬರುತ್ತದೆ, ಆಮೇಲೆ ಗೂಡು ಕಟ್ಟುತ್ತಾರೆ, ರೋಗ ಬಂದ ಮೇಲೆ ಲಸಿಕೆ ಹುಡುಕುತ್ತಾರೆ. ನಾನೂ ಒಮ್ಮೆ ಹೀಗೇ ಮಾಡಿ 12 ದಿನದಲ್ಲಿ 9 ಹೇಂಟೆ ಕಳೆದುಕೊಂಡೆ. ಅವುಗಳಲ್ಲಿ ಎರಡು ಕಾವಿಗೆ ಕೂತಿದ್ದವು. ಅದರ ನಂತರ ಸರದಿ ಬದಲಿಸಿದೆ: ಗೂಡು, ಲಸಿಕೆ, ಬೇರೆಗೂಡು (ಹೊಸ ಹುಂಜವನ್ನು ಕೆಲವು ವಾರ ಹಿಂಡಿನಿಂದ ದೂರ ಇಡುವ ಗೂಡು), ಕೊನೆಗೆ ಹುಂಜ. ಕೆಳಗೆ ಬರೆದಿರುವುದು ಎಂಟು ಹತ್ತು ನಾಟಿ ಹೇಂಟೆ ಇರುವ, ಒಂದೆರಡು ಎಕರೆ ತೋಟದ ಮನೆಯವರಿಗೆ. ಕೋಳಿ ಫಾರ್ಮಿನ ಲೆಕ್ಕ ಬೇರೆ, ಅದು ಇಲ್ಲಿಲ್ಲ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ಸಾಮಾನು

ಹುಂಜ ನೋಡಲು ಹೊರಡುವ ಮೊದಲೇ ಇವು ಮನೆಯಲ್ಲಿ ಇರಲಿ:

- ಅರ್ಧ ಇಂಚಿನ ಕಣ್ಣಿನ ವೆಲ್ಡ್ ಮೆಶ್ (ತೆಳು ಕೋಳಿ ಬಲೆ ಸಾಲುವುದಿಲ್ಲ, ಕಾರಣ ಮುಂದೆ ಹೇಳುತ್ತೇನೆ)
- ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರದ ಪಟ್ಟಿ), ಹಳೆಯ ಮಂಗಳೂರು ಹಂಚು ಅಥವಾ ಶೀಟು
- ಎರಡು ಮೂರು ಮೂಟೆ ಭತ್ತದ ಉಮಿ ಅಥವಾ ಒಣ ದರಕು (ಉದುರಿದ ಎಲೆ), ಒಂದು ಚೀಲ ಸುಣ್ಣ
- ಬೇರೆಗೂಡಿಗೆಂದೇ ಒಂದು ನೀರಿನ ಪಾತ್ರೆ, ಒಂದು ಮೇವಿನ ಪಾತ್ರೆ, ಒಂದು ಜೊತೆ ಚಪ್ಪಲಿ
- ಗಾಳಿಯಾಡುವ ದೊಡ್ಡ ಬಿದಿರು ಬುಟ್ಟಿ, ಮೇಲೆ ಕಟ್ಟಲು ಬಟ್ಟೆ
- ಒಳ್ಳೆಯ ಟಾರ್ಚು, ಕೊಬ್ಬರಿ ಎಣ್ಣೆ, ಅರಿಸಿನ

ಚಪ್ಪಲಿ ಯಾಕೆ ಅಂತ ಅನ್ನಿಸಬಹುದು. ರೋಗ ಒಂದು ಗೂಡಿನಿಂದ ಇನ್ನೊಂದಕ್ಕೆ ನಡೆದು ಹೋಗುವುದೇ ನಮ್ಮ ಕಾಲಿನ ಮೂಲಕ.

ಹಂತ 1: ಎಷ್ಟು ಹುಂಜ ಬೇಕು, ಯಾವಾಗ ಬೇಕು

ನಾಟಿ ಕೋಳಿಯಲ್ಲಿ 8ರಿಂದ 10 ಹೇಂಟೆಗೆ ಒಂದು ಹುಂಜ ಸಾಕು. ಐದು ಹೇಂಟೆಗೆ ಎರಡು ಹುಂಜ ಇಟ್ಟರೆ ಹೇಂಟೆಗಳ ಬೆನ್ನಿನ ಪುಕ್ಕ ಉದುರಿ ಚರ್ಮ ಕಾಣುತ್ತದೆ. ಹುಂಜಗಳು ಹೊಡೆದಾಡಿಕೊಂಡು ಸೊರಗುತ್ತವೆ. ಬರೀ ತಿನ್ನುವ ಮೊಟ್ಟೆ ಬೇಕಿದ್ದರೆ ಹುಂಜವೇ ಬೇಕಾಗಿಲ್ಲ, ಅದಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ. ಮರಿ ಆಗುವುದಿಲ್ಲ ಅಷ್ಟೇ. ಇದು ಗೊತ್ತಿಲ್ಲದೆ ಹುಂಜ ತಂದವರು ನಮ್ಮಲ್ಲಿ ಜಾಸ್ತಿ ಇದ್ದಾರೆ.

ತರುವ ಕಾಲ ದೀಪಾವಳಿ ಕಳೆದ ಮೇಲೆ, ಚಳಿಯ ತಿಂಗಳುಗಳಲ್ಲಿ. ನೆಲ ಒಣಗಿರುತ್ತದೆ. ಹುಂಜ ಹೊಂದಿಕೊಂಡು ಒಂದು ಕಂತು ಮರಿ ಎದ್ದು ಬಲಿಯುವಷ್ಟು ಸಮಯ ಮಳೆಗೆ ಮುಂಚೆ ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸ ಕೋಳಿ ತರಲೇಬೇಡಿ. ಬಿರುಬೇಸಿಗೆಯಲ್ಲೂ ಎಚ್ಚರ ಬೇಕು, ಕೊಕ್ಕರೆ ರೋಗ ಊರಿಂದೂರಿಗೆ ಹರಡುವುದು ಆಗಲೇ ಹೆಚ್ಚು.

ಹಂತ 2: ರಾತ್ರಿ ಗೂಡು ಮೊದಲು

ನಮ್ಮ ಕರಾವಳಿಯ ತಾಲ್ಲೂಕುಗಳಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಬಯಲುಸೀಮೆಯ ಗೂಡಿನ ವಿಡಿಯೋ ನೋಡಿ ಕಟ್ಟಿದರೆ ಮೊದಲ ಆಷಾಢಕ್ಕೇ ಅದು ಕೊಳೆಯುತ್ತದೆ.

10 ಹೇಂಟೆ, ಒಂದು ಹುಂಜಕ್ಕೆ 6 ಅಡಿ ಉದ್ದ, 4 ಅಡಿ ಅಗಲದ ಗೂಡು ಸಾಕು. ಒಂದು ಕೋಳಿಗೆ 2 ಚದರ ಅಡಿಯ ಲೆಕ್ಕ. ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ, ಚಿರೆಕಲ್ಲಿನ ಕಂಬದ ಮೇಲೆ ನಿಲ್ಲಿಸಿ. ನೆಲಕ್ಕೆ ಅಡಿಕೆ ದಬ್ಬೆ ಹೊಡೆಯುವಾಗ ನಡುವೆ ಮುಕ್ಕಾಲು ಇಂಚು ಬಿಡಿ. ಹಿಕ್ಕೆ ಕೆಳಗೆ ಬೀಳುತ್ತದೆ, ಕಾಲು ಸಿಕ್ಕಿಕೊಳ್ಳುವುದಿಲ್ಲ. ಮರಿ ಇರುವ ಮೂಲೆಯಲ್ಲಿ ಮಾತ್ರ ದಬ್ಬೆಯ ಮೇಲೆ ಗೋಣಿ ಹಾಸಿ ಉಮಿ ಹರಡಿ. ದಬ್ಬೆಯ ಅಂಚು ಚೂಪಾಗಿರುತ್ತದೆ, ಕತ್ತಿಯಿಂದ ಕೆರೆದು ನುಣುಪು ಮಾಡಿ. ಅಲ್ಲಿ ಗೀರಿದ ಪಾದ ಮುಂದೆ ಬಾವು ಬಂದು ಗಂಟಾಗುತ್ತದೆ.

ಗಾಳಿಮಳೆ ನಮಗೆ ನೈಋತ್ಯದಿಂದ ಹೊಡೆಯುತ್ತದೆ. ಆ ಕಡೆಯ ಮಾಡು ಎರಡರಿಂದ ಮೂರು ಅಡಿ ಮುಂದೆ ಚಾಚಿರಲಿ. ಬಾಗಿಲು ಪೂರ್ವಕ್ಕೆ. ಇನ್ನು ದೊಡ್ಡ ತಪ್ಪು ಅಂದರೆ ಚಳಿ ಆಗಬಾರದು ಅಂತ ಸುತ್ತಲೂ ಟಾರ್ಪಾಲು ಬಿಗಿದು ಕಟ್ಟುವುದು. ಬೆಳಗ್ಗೆ ಬಾಗಿಲು ತೆಗೆದಾಗ ನಿಮ್ಮ ಕಣ್ಣಿಗೆ ಅಮೋನಿಯಾ ಘಾಟು ಹೊಡೆದರೆ, ಕೋಳಿ ಇಡೀ ರಾತ್ರಿ ಅದನ್ನೇ ಉಸಿರಾಡಿದೆ ಅಂತ ಅರ್ಥ. ಗೊರಕೆ, ಮೂಗು ಸೋರುವುದು ಅಲ್ಲಿಂದಲೇ ಶುರು. ಮಾಡಿನ ಕೆಳಗೆ ಸುತ್ತಲೂ ಅರ್ಧ ಅಡಿ ಜಾಲರಿ ಬಿಡಿ. ಬಿಸಿ ಗಾಳಿ ಮೇಲಿನಿಂದ ಹೋಗಬೇಕು, ಎರಚಲು ಒಳಗೆ ಬರಬಾರದು.

ಕೂರುವ ಕೋಲು ಎರಡು ಇಂಚು ದಪ್ಪ ಇರಲಿ, ಅಂಚು ಉರುಟಾಗಿರಲಿ, ಒಂದು ಕೋಳಿಗೆ ಹತ್ತು ಇಂಚು ಜಾಗ ಸಿಗಲಿ. ಎಲ್ಲ ಕೋಲೂ ಒಂದೇ ಎತ್ತರದಲ್ಲಿ ಕಟ್ಟಿ. ಒಂದು ಮೇಲೆ ಇನ್ನೊಂದು ಕೆಳಗೆ ಇದ್ದರೆ ಮೇಲಿನದಕ್ಕಾಗಿ ದಿನಾ ಸಂಜೆ ಜಗಳ.

*ಕಾಡಿನ ಅಂಚಿನ ಕಳ್ಳರು*

ಪುನುಗು, ಕಾಡುಬೆಕ್ಕು, ಮುಂಗುಸಿ, ನರಿ, ಉಡ, ಹೆಬ್ಬಾವು. ಯಲ್ಲಾಪುರ, ಶಿರಸಿ, ಸಿದ್ದಾಪುರದ ಬೆಟ್ಟದ ಬದಿಯ ಮನೆಗಳಿಗೆ ಇವೆಲ್ಲ ನೆಂಟರಷ್ಟೇ ಪರಿಚಯ. ಹೆಕ್ಸಾಗನ್ ಕಣ್ಣಿನ ತೆಳು ಕೋಳಿ ಬಲೆ ಕೋಳಿಯನ್ನು ಒಳಗೆ ಇಡುತ್ತದೆ, ಪುನುಗನ್ನು ಹೊರಗೆ ಇಡುವುದಿಲ್ಲ. ಅದು ಕಚ್ಚಿ ಹರಿಯುತ್ತದೆ. ಕೇರೆ ಹಾವು ಒಂದಿಂಚು ಸಂದಿಯಲ್ಲಿ ನುಗ್ಗಿ ಮೊಟ್ಟೆ, ಮರಿ ನುಂಗುತ್ತದೆ. ಅದಕ್ಕೇ ಅರ್ಧ ಇಂಚಿನ ವೆಲ್ಡ್ ಮೆಶ್, ದಬ್ಬೆಯ ನೆಲದ ಕೆಳಗೂ ಒಂದು ಪದರ. ಹಿಕ್ಕೆ ಅದರ ಮೇಲೆ ನಿಂತರೆ ವಾರಕ್ಕೊಮ್ಮೆ ಕಡ್ಡಿಪೊರಕೆಯಿಂದ ತಟ್ಟಿ ಬೀಳಿಸಿ.

ಬಾಗಿಲಿಗೆ ಚಿಲಕ ಒಂದಿದ್ದರೆ ಸಾಲದು, ಮೇಲೊಂದು ಕೆಳಗೊಂದು ಇರಲಿ. ಕಂಬದ ಬುಡಕ್ಕೆ ಹಳೆಯ ಎಂಜಿನ್ ಎಣ್ಣೆಯಲ್ಲಿ ನೆನೆಸಿದ ಬಟ್ಟೆ ಸುತ್ತಿ, ಕೋಳಿಯ ಬಾಯಿಗೆ ಸಿಗದಂತೆ ಮೇಲೊಂದು ತಗಡು ಮುಚ್ಚಿ. ಮೊಟ್ಟೆ ಒಡೆದು ಮರಿ ಏಳುವ ದಿನ ಕೆಂಪಿರುವೆ ಮುತ್ತಿ ಹಸಿ ಮರಿಗಳನ್ನು ಕೊಂದದ್ದು ನಾನೇ ನೋಡಿದ್ದೇನೆ. ಅದನ್ನು ನೋಡಿದ ಮೇಲೆ ಈ ಬಟ್ಟೆಯನ್ನು ಒಮ್ಮೆಯೂ ಮರೆತಿಲ್ಲ.

ಹಂತ 3: ಮನೆಯ ಹೇಂಟೆಗಳಿಗೆ ಲಸಿಕೆ

ಹೊಸ ಹುಂಜ ಬರುವ ಒಂದು ತಿಂಗಳ ಮುಂಚೆಯೇ ಮನೆಯ ಕೋಳಿಗಳಿಗೆ ಕೊಕ್ಕರೆ ರೋಗದ ಲಸಿಕೆ ಆಗಿರಬೇಕು. ಇದನ್ನೇ ರಾಣಿಖೇತ್ ಅನ್ನುತ್ತಾರೆ. ವೈರಸ್ ರೋಗ, ಬಂದ ಮೇಲೆ ಔಷಧ ಇಲ್ಲ.

ಮರಿಗಳಿಗೆ 5ರಿಂದ 7ನೇ ದಿನದ ಒಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟಾ ಅಥವಾ ಎಫ್ ಒನ್, ನಾಲ್ಕನೇ ವಾರದ ಹೊತ್ತಿಗೆ ಮತ್ತೊಮ್ಮೆ ಲಸೋಟಾ. 8 ವಾರ ದಾಟಿದ ಮೇಲೆ ಆರ್ ಟು ಬಿ ಚುಚ್ಚುಮದ್ದು. ಇಲ್ಲಿಯವರೆಗೆ ಏನೂ ಹಾಕಿಸದ ದೊಡ್ಡ ಕೋಳಿಗೆ ನೇರವಾಗಿ ಆರ್ ಟು ಬಿ ಕೊಡಿಸಬೇಡಿ. ಅದು ಸ್ವಲ್ಪ ಜೋರಿನ ಲಸಿಕೆ. ಮೊದಲು ಲಸೋಟಾ, ಕೆಲವು ವಾರ ಬಿಟ್ಟು ಅದು. ಪಶು ಆಸ್ಪತ್ರೆಯಲ್ಲಿ ನಿಮ್ಮ ಕೋಳಿಯ ವಯಸ್ಸು, ಹಿಂದಿನ ಲಸಿಕೆ ಎರಡನ್ನೂ ಹೇಳಿ ಕೇಳಿ.

ಒಂದು ಸೀಸೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗೆ ಆಗುವಷ್ಟು ಇರುತ್ತದೆ. ಹತ್ತು ಕೋಳಿಗಾಗಿ ಯಾರು ತರುತ್ತಾರೆ ಅಂತ ಎಲ್ಲರೂ ಸುಮ್ನಿರುತ್ತಾರೆ. ಕೇರಿಯ ಏಳೆಂಟು ಮನೆಯವರು ಒಂದು ದಿನ ಗೊತ್ತು ಮಾಡಿಕೊಳ್ಳಿ. ಇದರಿಂದ ಇನ್ನೊಂದು ಲಾಭ ಇದೆ. ಪಕ್ಕದ ಮನೆಯ ಕೋಳಿ ಉಳಿದರೆ ನಿಮ್ಮದೂ ಉಳಿಯುತ್ತದೆ, ಬೇಲಿ ದಾಟಿ ಓಡಾಡುವ ಕೋಳಿಗಳಲ್ವಾ.

ಲಸಿಕೆ ಕೆಡುವುದು ದಾರಿಯಲ್ಲಿ. ಅಂಗಡಿಯ ಫ್ರಿಜ್ಜಿನಿಂದ ನಿಮ್ಮ ಅಂಗಳದವರೆಗೆ 2ರಿಂದ 8 ಡಿಗ್ರಿ ತಂಪು ತಪ್ಪಬಾರದು. ಐಸ್ ತುಂಬಿದ ಫ್ಲಾಸ್ಕ್ ಒಯ್ಯಿರಿ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ನಾಳೆಗೆ ಇಡಬೇಡಿ. ಬೆಳಗಿನ ತಂಪಿನಲ್ಲಿ ಹಾಕಿ. ಜಂತಿನ ಔಷಧವನ್ನು ಲಸಿಕೆಗೆ ವಾರ ಹತ್ತು ದಿನ ಮೊದಲೇ ಕೊಟ್ಟು ಮುಗಿಸಿ. ಕಾಯಿಲೆ ಬಿದ್ದ ಕೋಳಿಗೆ ಲಸಿಕೆ ಬೇಡ.

ಹಂತ 4: ಹುಂಜ ಆರಿಸುವುದು

ಆದಷ್ಟು ಮನೆಯಿಂದ ಕೊಳ್ಳಿ. ಅಲ್ಲಿ ಉಳಿದ ಕೋಳಿಗಳೂ ಕಣ್ಣಿಗೆ ಬೀಳುತ್ತವೆ, ಗೂಡೂ ಕಾಣುತ್ತದೆ. ಸಂತೆಯಲ್ಲಿ ಹತ್ತೂರಿನ ಕೋಳಿ ಒಂದೇ ಬುಟ್ಟಿಯಲ್ಲಿ ಉಸಿರಾಡುತ್ತಿರುತ್ತವೆ. ಕಾರವಾರದ ಭಾನುವಾರದ ಸಂತೆಗೆ ಹೋಗುವುದೇ ಆದರೆ ಬೆಳಗ್ಗೆ ಬೇಗ ಹೋಗಿ. ಸಂಜೆಗೆ ಉಳಿದದ್ದು ಅಗ್ಗ ಇರಬಹುದು, ದಿನವಿಡೀ ಬಿಸಿಲಲ್ಲಿ ಬಾಯಾರಿ ಕೂತಿದ್ದು ಅದೇ.

ಕೈಯಲ್ಲಿ ಹಿಡಿದು ಈ ಸರದಿಯಲ್ಲಿ ನೋಡಿ:

1. ಹಿಡಿಯುವ ಮೊದಲು ದೂರದಿಂದ ಎರಡು ನಿಮಿಷ ನೋಡಿ. ಬೇರೆಯಾಗಿ ನಿಂತು ಪುಕ್ಕ ಉಬ್ಬಿಸಿಕೊಂಡಿದ್ದರೆ ಅಲ್ಲಿಗೇ ಬಿಡಿ.
2. ಕಣ್ಣು ದುಂಡಗೆ, ತಿಳಿಯಾಗಿರಬೇಕು. ನೊರೆ ಇದ್ದರೆ, ಮೂಗಿನ ತೂತು ಕಟ್ಟಿದ್ದರೆ ಬೇಡ.
3. ಕಿವಿ ಹತ್ತಿರ ಹಿಡಿದು ಉಸಿರು ಕೇಳಿ. ಗೊರ ಗೊರ ಅಂದರೆ ಬೇಡ.
4. ಜುಟ್ಟು ಕೆಂಪಗಿರಲಿ. ಕಪ್ಪು ಗುಳ್ಳೆ ಇದ್ದರೆ ಸಿಡುಬು ಇರಬಹುದು.
5. ಎದೆಯ ಮೂಳೆ ಮುಟ್ಟಿ. ಕತ್ತಿಯ ಅಂಚಿನ ಹಾಗೆ ಚೂಪಾಗಿದ್ದರೆ ಒಳಗೆ ಜಂತು ಅಥವಾ ಹಳೆ ಕಾಯಿಲೆ.
6. ರೆಕ್ಕೆಯಡಿ, ಹಿಂಭಾಗದ ಪುಕ್ಕದ ಬುಡದಲ್ಲಿ ಹೇನು ನೋಡಿ. ಅಲ್ಲೇ ಹಸಿರು ಅಥವಾ ಬಿಳಿ ಹಿಕ್ಕೆ ಅಂಟಿದ್ದರೆ ಬೇಡ.
7. ಕಾಲಿನ ಪೊರೆ ಎದ್ದು ಸುಣ್ಣ ಬಳಿದ ಹಾಗಿದ್ದರೆ ಅದು ನುಸಿ. ವಾಸಿ ಆಗುತ್ತದೆ, ಆದರೆ ಬೆಲೆ ಇಳಿಸಿ ಕೇಳಿ.

ವಯಸ್ಸಿಗೆ ಕಾಲಿನ ಮುಳ್ಳು ನೋಡಿ. ಎಳೆಯದರಲ್ಲಿ ಗುಂಡಿಯಷ್ಟೇ ಇರುತ್ತದೆ, ವರ್ಷದ ಹೊತ್ತಿಗೆ ಸುಮಾರು ಅರ್ಧ ಇಂಚು. ಎಂಟು ತಿಂಗಳಿಂದ ಒಂದೂವರೆ ವರ್ಷದ ಹುಂಜ ಮರಿ ಮಾಡಿಸಲು ಚೆನ್ನ.

ಗಿರಿರಾಜದಂಥ ಭಾರದ ಹುಂಜವನ್ನು ಸಣ್ಣ ನಾಟಿ ಹೇಂಟೆಗಳ ಮೇಲೆ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಹೇಂಟೆಯ ಬೆನ್ನು, ರೆಕ್ಕೆ ಗಾಯವಾಗುತ್ತದೆ. ಗಿರಿರಾಜ ತಳಿ ಕಾವಿಗೂ ಕೂರುವುದಿಲ್ಲ, ಬೆರಕೆ ಮರಿಗಳಲ್ಲಿ ಆ ಗುಣ ಇಳಿದರೆ ಮುಂದೆ ಕಾವಿಗೆ ಹೇಂಟೆ ಹುಡುಕಬೇಕಾಗುತ್ತದೆ.

ಕೋಳಿ ಅಂಕದಲ್ಲಿ ಸೋತ ಹುಂಜ ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಹತ್ತಿರವೂ ಹೋಗಬೇಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದೇ ಅಪರಾಧ. ಅಂಥ ಹುಂಜದ ಮೈಯಲ್ಲಿ ಕಾಣದ ಗಾಯ ಇರುತ್ತದೆ. ಕಾದಾಡುವುದನ್ನೇ ಕಲಿತ ಪ್ರಾಣಿ ಹಿಂಡಿನಲ್ಲಿ ನೆಮ್ಮದಿಯಾಗಿ ಬಾಳುವುದು ಕಷ್ಟ.

ಮನೆಗೆ ತರುವಾಗ ಕಾಲು ಕಟ್ಟಿ ಬೈಕಿಗೆ ತಲೆಕೆಳಗಾಗಿ ನೇತುಹಾಕಬೇಡಿ. ಬುಟ್ಟಿಯಲ್ಲಿ ಕೂರಿಸಿ, ಬಟ್ಟೆ ಮುಚ್ಚಿ. ಕತ್ತಲಲ್ಲಿ ಅದು ಶಾಂತವಾಗಿರುತ್ತದೆ.

ಹಂತ 5: ಮೂರು ವಾರ ಬೇರೆಗೂಡು

ಎಲ್ಲರೂ ಬಿಟ್ಟುಬಿಡುವ ಹಂತ ಇದೇ. ಕೊರೊನಾ ಕಾಲದ ಕ್ವಾರಂಟೈನ್ ನೆನಪಿದೆಯಲ್ವಾ, ಅದೇ ಇದು.

ಕೊಕ್ಕರೆ ರೋಗ ಸಾಮಾನ್ಯವಾಗಿ ಐದಾರು ದಿನಕ್ಕೆ ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ 15 ದಿನವೂ ಹಿಡಿಯುತ್ತದೆ. ಅದಕ್ಕೇ 21 ದಿನ. "ನಾಲ್ಕು ದಿನ ಬೇರೆ ಇಟ್ಟಿದ್ದೆ, ಚೆನ್ನಾಗೇ ಇತ್ತು" ಅನ್ನುವವರು ರೋಗ ಹೊರಬರುವ ಹಿಂದಿನ ದಿನ ಬಾಗಿಲು ತೆಗೆದಿರುತ್ತಾರೆ.

ಬೇರೆಗೂಡು ದೊಡ್ಡ ಗೂಡಿನಿಂದ ಕನಿಷ್ಠ 30 ಅಡಿ ದೂರ ಇರಲಿ, ಇನ್ನೂ ದೂರವಾದರೆ ಒಳ್ಳೆಯದು. ಗಾಳಿ ಮನೆಯ ಗೂಡಿನ ಕಡೆಯಿಂದ ಇದರ ಕಡೆಗೆ ಬೀಸುವ ಜಾಗ ನೋಡಿ. 4 ಅಡಿಗೆ 3 ಅಡಿ ಇದ್ದರೆ ಒಂದು ಹುಂಜಕ್ಕೆ ಸಾಕು. ಕೊಟ್ಟಿಗೆಯ ಹಿಂದಿನ ಮೂಲೆ ಎಷ್ಟೋ ಮನೆಗಳಲ್ಲಿ ಸರಿಹೋಗುತ್ತದೆ. ದಿನಾ ಮೊದಲು ಮನೆಯ ಕೋಳಿಗಳ ಕೆಲಸ, ಕೊನೆಗೆ ಹುಂಜದ ಕೆಲಸ. ಹುಂಜದ ಚಪ್ಪಲಿ ಅಲ್ಲೇ ಬಿಟ್ಟು, ಸೋಪು ಹಚ್ಚಿ ಕೈ ತೊಳೆದು ಬನ್ನಿ.

*ಮೊದಲ ದಿನ:* ನೀರು ಮಾತ್ರ, ಸ್ವಲ್ಪ ಬೆಲ್ಲ ಕರಗಿಸಿ. ಎರಡು ಗಂಟೆ ಕಳೆದು ಮೇವು. ರಾತ್ರಿ ಹೇನು ಮತ್ತೊಮ್ಮೆ ನೋಡಿ.

*ಮೊದಲ ವಾರ:* ಬೆಳಗ್ಗೆ ಹಿಕ್ಕೆ ನೋಡುವುದೇ ದೊಡ್ಡ ಕೆಲಸ. ಕಂದು ಉಂಡೆ, ಮೇಲೆ ಬಿಳಿ ತುದಿ ಇದ್ದರೆ ಸರಿ. ಹಸಿರು ನೀರು, ರಕ್ತ, ಬರೀ ಬಿಳಿ ಸುಣ್ಣದಂಥದ್ದು ಕಂಡರೆ ಪಶುವೈದ್ಯರಿಗೆ ತೋರಿಸಿ. ಕಾಲಿನ ನುಸಿ ಇದ್ದರೆ ಬೆಚ್ಚಗಿನ ನೀರಲ್ಲಿ ಕಾಲು ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ದಪ್ಪಗೆ ಹಚ್ಚಿ. ಮೂರು ನಾಲ್ಕು ದಿನಕ್ಕೊಮ್ಮೆ, ತಿಂಗಳವರೆಗೆ. ಪೊರೆಯನ್ನು ಕಿತ್ತು ತೆಗೆಯಬೇಡಿ, ರಕ್ತ ಬರುತ್ತದೆ.

*ಎರಡನೇ ವಾರ:* ಗೆಲುವಾಗಿದ್ದರೆ ಜಂತಿನ ಔಷಧ, ನಂತರ ವಾರ ಬಿಟ್ಟು ಲಸಿಕೆ. ಲಸಿಕೆಯ ಬಲ ಮೈಗೂಡಲು ಎರಡು ವಾರ ಬೇಕು. ಹಾಗಾಗಿ ಲಸಿಕೆಯೇ ಆಗದ ಹುಂಜ ಸಿಕ್ಕಿದ್ದರೆ ಬೇರೆಗೂಡು ಐದು ವಾರವಾದರೂ ಆಗಲಿ, ಅವಸರ ಬೇಡ.

*ಕೊನೆಗೆ:* ಮನೆಯ ಒಂದು ಗಟ್ಟಿ ಹೇಂಟೆಯನ್ನು ಹುಂಜದ ಜೊತೆ ಹತ್ತು ದಿನ ಅಲ್ಲೇ ಬಿಡಿ. ಹುಂಜ ತಾನು ಸೊರಗದೆ ರೋಗ ಹೊತ್ತುಕೊಂಡಿದ್ದರೆ ಈ ಹೇಂಟೆಯಲ್ಲಿ ಕಾಣುತ್ತದೆ. ಒಂದು ಹೇಂಟೆಯನ್ನು ಅಪಾಯಕ್ಕೆ ಒಡ್ಡುವುದು ನನಗೂ ಬೇಸರವೇ. ಆದರೆ ಒಂಬತ್ತು ಹೇಂಟೆ ಮಣ್ಣು ಮಾಡಿದ ಮೇಲೆ ಈ ದಾರಿ ಹಿಡಿದಿದ್ದೇನೆ. ಇನ್ನೊಂದು ಅನುಕೂಲ: ಆ ಹೇಂಟೆ ಹುಂಜದ ಜೊತೆಯಾಗಿ ಹಿಂಡಿಗೆ ಮರಳುವುದರಿಂದ ಪರಿಚಯ ಸುಲಭ.

ಹಂತ 6: ಜಾಲರಿಯ ಆಚೆ ಈಚೆ

ಈಗ ಹುಂಜದ ಗೂಡನ್ನು ಹಿಂಡಿನ ಪಕ್ಕಕ್ಕೆ ತನ್ನಿ. ನಡುವೆ ಜಾಲರಿ ಇರಲಿ. ಒಂದು ವಾರ ಇಬ್ಬರೂ ಪರಸ್ಪರ ನೋಡಿಕೊಂಡು, ಜಾಲರಿಯ ಎರಡೂ ಬದಿಯಲ್ಲಿ ಒಂದೇ ಹೊತ್ತಿಗೆ ತಿನ್ನಲಿ. ಹಳೆಯ ಹುಂಜ ಇದ್ದರೆ ಮೊದಲೆರಡು ದಿನ ಜಾಲರಿಗೆ ಹಾರಿ ಹಾರಿ ಬರುತ್ತದೆ. ಹಾಗಿದ್ದಾಗ ಕೆಳಗಿನ ಒಂದೂವರೆ ಅಡಿಗೆ ಅಡಿಕೆ ಹಾಳೆ ಕಟ್ಟಿ ಮರೆ ಮಾಡಿ, ದಿನಕ್ಕೆ ಸ್ವಲ್ಪ ಸ್ವಲ್ಪ ತೆಗೆಯುತ್ತಾ ಬನ್ನಿ.

ವಾರವಾದರೂ ಹಳೆಯದು ತಣ್ಣಗಾಗದಿದ್ದರೆ ಎರಡೂ ಒಟ್ಟಿಗೆ ಇರುವ ಆಸೆ ಬಿಡಿ. ಒಂದನ್ನು ಕೊಟ್ಟುಬಿಡಿ, ಅಥವಾ ಹೇಂಟೆಗಳನ್ನು ಪಾಲು ಮಾಡಿ ಎರಡು ಗೂಡು ಮಾಡಿ.

ಹಂತ 7: ಸಂಜೆ ಕತ್ತಲಾದ ಮೇಲೆ ಒಳಗೆ

ಹಗಲಲ್ಲಿ ಬಿಡಬೇಡಿ. ಹೇಂಟೆಗಳು ಕೋಲಿನ ಮೇಲೆ ಕೂತು ನಿದ್ದೆಗೆ ಜಾರಿದ ಮೇಲೆ ಹುಂಜವನ್ನು ಎರಡೂ ಕೈಯಲ್ಲಿ ರೆಕ್ಕೆ ಒತ್ತಿ ಹಿಡಿದು ಕೋಲಿನ ತುದಿಯಲ್ಲಿ ಕೂರಿಸಿ. ಬೆಳಗ್ಗೆ ಬೆಳಕು ಹರಿಯುವ ಮೊದಲೇ ನೀವು ಅಲ್ಲಿರಿ. ಎರಡು ಮೂರು ಕಡೆ ಮೇವು, ಎರಡು ಕಡೆ ನೀರು ಇಡಿ. ಒಂದೇ ಪಾತ್ರೆ ಇದ್ದರೆ ಜಗಳ ಖಾತ್ರಿ. ಅಂಗಳದಲ್ಲಿ ತೆಂಗಿನ ಮಡಲು, ಬುಟ್ಟಿ ಅಡ್ಡ ಇಟ್ಟರೆ ಸೋತದ್ದು ಅಡಗಲು ಜಾಗವಾಗುತ್ತದೆ.

ಕುತ್ತಿಗೆ ಪುಕ್ಕ ಎಬ್ಬಿಸಿ ಎದುರು ಬದುರು ನಿಲ್ಲುವುದು, ಒಂದೆರಡು ಸಲ ಹಾರುವುದು ಸಹಜ, ಬಿಟ್ಟುಬಿಡಿ. ರಕ್ತ ಕಂಡ ಕೂಡಲೇ ಬೇರೆ ಮಾಡಿ. ರಕ್ತದ ಬಣ್ಣ ನೋಡಿ ಹೇಂಟೆಗಳೂ ಕುಕ್ಕಲು ಬರುತ್ತವೆ. ಗಾಯಕ್ಕೆ ಉಪ್ಪುನೀರಿನಿಂದ ತೊಳೆದು ಅರಿಸಿನ, ಕೊಬ್ಬರಿ ಎಣ್ಣೆ ಹಚ್ಚಿ.

ಮನುಷ್ಯರ ಮೇಲೆ ಹಾರುವ ಹುಂಜದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಒದೆಯಬೇಡಿ, ಓಡಲೂ ಬೇಡಿ, ಎರಡೂ ಅದಕ್ಕೆ ಕಾದಾಟದ ಕರೆಯೇ. ನಿಂತಲ್ಲೇ ನಿಂತು, ಹಿಡಿದು ಎತ್ತಿ, ಹತ್ತು ನಿಮಿಷ ಕಂಕುಳಲ್ಲಿ ಇಟ್ಟುಕೊಂಡು ಓಡಾಡಿ. ಹೆಚ್ಚಿನವು ಇದರಲ್ಲೇ ಸುಮ್ಮನಾಗುತ್ತವೆ. ಆಗಲೂ ಬಗ್ಗದ್ದನ್ನು ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಇಡಬೇಡಿ. ಮಗುವಿನ ಕಣ್ಣಿನ ಎತ್ತರಕ್ಕೇ ಆ ಮುಳ್ಳು ಹಾರುತ್ತದೆ. ಅದರಿಂದ ಫಲ ಕಟ್ಟಿದ ಮೊಟ್ಟೆ ಕಾವಿಗೂ ಬೇಡ.

ಹಂತ 8: ಮೇವು, ನಮ್ಮ ಕಡೆಯ ಎರಡು ತಪ್ಪು

ತೋಟ ಸುತ್ತಿ ಹುಳ, ಗೆದ್ದಲು, ಸೊಪ್ಪು ತಿನ್ನುವ ಕೋಳಿಗೆ ಬೆಳಗ್ಗೆ ಸಂಜೆ ಒಂದೊಂದು ಹಿಡಿ ನುಚ್ಚು, ಭತ್ತ, ಜೋಳದ ಕಡಿ ಸಾಕು. ಆದರೆ ಎರಡು ಕಡೆ ನಾವು ಎಡವುತ್ತೇವೆ.

ಮೊದಲನೆಯದು ಒಣಮೀನು. ಉಪ್ಪು ಹಾಕಿ ಒಣಗಿಸಿದ ಮೀನಿನ ತಲೆ, ತೊಳೆದ ಉಪ್ಪುನೀರು ಕೋಳಿಗೆ ವಿಷವೇ ಸರಿ. ವಿಪರೀತ ನೀರು ಕುಡಿಯುತ್ತದೆ, ನೀರಾಗಿ ಹಿಕ್ಕೆ ಹಾಕುತ್ತದೆ, ಕಾಲು ಸೋತು ಬೀಳುತ್ತದೆ. ಉಪ್ಪಿಲ್ಲದೆ ಒಣಗಿಸಿದ ಸಣ್ಣ ಮೀನು ಕೊಡಬಹುದು, ಅದೂ ಸ್ವಲ್ಪ.

ಎರಡನೆಯದು ಮೊಟ್ಟೆ ಕೋಳಿಯ ಫೀಡ್. ಅದರಲ್ಲಿ ಸುಣ್ಣದ ಅಂಶ ಸುಮಾರು 3.5ರಿಂದ 4 ಶೇಕಡಾ ಇರುತ್ತದೆ. ಮೊಟ್ಟೆ ಇಡದ ಹುಂಜಕ್ಕೆ, ಬೆಳೆಯುವ ಮರಿಗೆ ಅದನ್ನೇ ದಿನಾ ಹಾಕಿದರೆ ಮೂತ್ರಪಿಂಡ ಕೆಡುತ್ತದೆ. ಹೇಂಟೆಗೆ ಬೇಕಾದ ಸುಣ್ಣವನ್ನು ಬೇರೆ ಪಾತ್ರೆಯಲ್ಲಿ ಇಡಿ, ಬೇಕಾದದ್ದು ಬಂದು ತಿನ್ನುತ್ತದೆ. ಅಘನಾಶಿನಿ ಹೊಳೆಯ ಬದಿಯವರಿಗೆ ಬಳಚಿನ ಚಿಪ್ಪು (ಕಪ್ಪೆಚಿಪ್ಪು) ಕೈಯಲ್ಲೇ ಇದೆ. ಸಿಹಿನೀರಲ್ಲಿ ಎರಡು ಮೂರು ಸಲ ತೊಳೆದು ಉಪ್ಪು ತೆಗೆದು, ಒಣಗಿಸಿ, ಜೋಳದ ಕಾಳಿನಷ್ಟು ಪುಡಿ ಮಾಡಿ.

ಮಳೆಗಾಲದಲ್ಲಿ ಬೂಷ್ಟು ಹಿಡಿದ ಜೋಳ, ಶೇಂಗಾ ಹಿಂಡಿ ಕೋಳಿಗಾದರೂ ಆಗುತ್ತದೆ ಅಂತ ಹಾಕಬೇಡಿ. ಆ ಬೂಷ್ಟಿನ ವಿಷ ಯಕೃತ್ತು ಕೆಡಿಸುತ್ತದೆ. ಬಿಸಿಲಿಗೆ ಒಣಗಿಸಿದರೂ ವಿಷ ಹೋಗುವುದಿಲ್ಲ.

ಹಂತ 9: ಕಾವಿಗೆ ಮೊಟ್ಟೆ ಆರಿಸುವ ದಿನ

ಹುಂಜ ಬಿಟ್ಟ ಎರಡನೇ ದಿನದಿಂದಲೇ ಕೆಲವು ಮೊಟ್ಟೆ ಫಲ ಕಟ್ಟಬಹುದು. ಎಲ್ಲ ಹೇಂಟೆಯ ಮೊಟ್ಟೆಗೂ ನಂಬಿಕೆ ಬರಲು ಹತ್ತು ಹನ್ನೆರಡು ದಿನ ಕಾಯಿರಿ. ಹಳೆಯ ಹುಂಜ ತೆಗೆದು ಹೊಸದು ಬಿಟ್ಟಿದ್ದರೆ ಮೂರು ವಾರ ಕಾಯಬೇಕು, ಹಳೆಯದರ ಬೀಜ ಹೇಂಟೆಯ ಮೈಯಲ್ಲಿ ಎರಡು ವಾರದವರೆಗೂ ಉಳಿಯುತ್ತದೆ.

ಕಾವಿನ ಮೊಟ್ಟೆ ಏಳು ದಿನಕ್ಕಿಂತ ಹಳೆಯದಾಗಬಾರದು. ತೊಳೆಯಬೇಡಿ, ಫ್ರಿಜ್ಜಿನಲ್ಲಿ ಇಡಬೇಡಿ. ಚೂಪು ತುದಿ ಕೆಳಗೆ ಮಾಡಿ ಉಮಿಯಲ್ಲಿ ನಿಲ್ಲಿಸಿ. ಒಂದು ನಾಟಿ ಹೇಂಟೆಗೆ 10ರಿಂದ 12 ಸಾಕು. ಹದಿನೈದು ಇಟ್ಟರೆ ಅಂಚಿನವು ತಣ್ಣಗಾಗಿ ಎಲ್ಲವೂ ಸರದಿಯಲ್ಲಿ ಕೆಡುತ್ತವೆ. ಏಳನೇ ರಾತ್ರಿ ಮೊಬೈಲ್ ಟಾರ್ಚ್ ಮೇಲೆ ಹಿಡಿದು ನೋಡಿ. ಜೇಡನ ಬಲೆಯಂತೆ ರಕ್ತನಾಳ ಕಂಡರೆ ಮರಿ ಇದೆ, ತಿಳಿಯಾಗಿ ಕಂಡರೆ ತೆಗೆದುಬಿಡಿ. 21ನೇ ದಿನಕ್ಕೆ ಮರಿ.

ಎರಡು ವರ್ಷದೊಳಗೆ ಹುಂಜ ಬದಲಿಸಿ. ಇಲ್ಲದಿದ್ದರೆ ಅದರ ಮರಿಗಳೇ ಹೇಂಟೆಗಳಾಗಿ ಅದರ ಜೊತೆ ಕೂಡುತ್ತವೆ. ಮರಿ ಏಳುವುದು ಕಡಿಮೆಯಾಗುತ್ತದೆ, ಎದ್ದವೂ ಬಡಕಲು. ದೂರದ ನೆಂಟರ ಮನೆಯ ಹುಂಜಕ್ಕೆ ನಿಮ್ಮದನ್ನು ಅದಲುಬದಲು ಮಾಡಿಕೊಳ್ಳುವ ಹಳೆಯ ಪದ್ಧತಿ ತುಂಬಾ ಒಳ್ಳೆಯದು. ಆಗಲೂ ಬೇರೆಗೂಡು ತಪ್ಪಿಸಬೇಡಿ.

ತೋಟದ ಕೆಲಸದ ಜೊತೆ ಹೊಂದಿಸುವುದು

ಅಡಿಕೆಗೆ ಕೊಳೆ ರೋಗದ ಔಷಧ ಹೊಡೆಯುವ ದಿನ, ಅಂದರೆ ಮಳೆ ಹಿಡಿಯುವ ಮೊದಲು ಮತ್ತು ಮಳೆಯ ನಡುವಿನ ಎರಡನೇ ಸುತ್ತಿಗೆ, ಕೋಳಿಗಳನ್ನು ಗೂಡಿನಲ್ಲೇ ಇಡಿ. ಮೈಲುತುತ್ತು ಕಲಸಿದ ಡ್ರಮ್ಮಿನ ಬುಡದಲ್ಲಿ, ತೋಟದ ಹಾಳೆಯಲ್ಲಿ ನಿಂತ ನೀಲಿ ನೀರನ್ನು ಅವು ಕುಡಿಯುತ್ತವೆ. ತಾಮ್ರ ಅವುಗಳಿಗೆ ವಿಷ. ಡ್ರಮ್ಮು ತೊಳೆದ ನೀರನ್ನು ಅಂಗಳಕ್ಕೆ ಚೆಲ್ಲಬೇಡಿ.

ಹರಿವೆ, ಬದನೆಯ ಹೊಸ ಮಡಿಗೆ ಮೊದಲ ತಿಂಗಳು ಬೇಲಿ ಬೇಕೇಬೇಕು. ಎಳೆ ಅಡಿಕೆ ಸಸಿಯ ಬುಡದ ಮುಚ್ಚಿಗೆಯನ್ನೂ ಕೆದರಿ ಬೇರು ಬಯಲು ಮಾಡುತ್ತವೆ. ಹಿಕ್ಕೆಯನ್ನು ಹಸಿಯಾಗಿ ಗಿಡಕ್ಕೆ ಹಾಕಿದರೆ ಬುಡ ಸುಡುತ್ತದೆ, ದರಕಿನ ಜೊತೆ ಎರಡು ಮೂರು ತಿಂಗಳು ಕೊಳೆಸಿ ಹಾಕಿ.

ಮಳೆಯ ನಾಲ್ಕು ತಿಂಗಳು

ಉಮಿ, ದರಕು ಮೇ ತಿಂಗಳಲ್ಲೇ ಮೂಟೆ ಕಟ್ಟಿ ಅಟ್ಟಕ್ಕೆ ಏರಿಸಿ. ಜುಲೈನಲ್ಲಿ ಒಣಗಿದ್ದು ಎಲ್ಲಿಯೂ ಸಿಗುವುದಿಲ್ಲ. ಹಾಸು ಒದ್ದೆಯಾದರೆ ಮರಿಗಳಲ್ಲಿ ರಕ್ತ ಭೇದಿ ಶುರುವಾಗಬಹುದು. ಹಿಡಿಯಲ್ಲಿ ಹಿಂಡಿ ನೋಡಿ: ಉಂಡೆ ಕಟ್ಟಿದರೆ ಬದಲಿಸಿ, ಉದುರಿದರೆ ಇನ್ನೂ ನಡೆಯುತ್ತದೆ. ಕೆದಕಿ ಸ್ವಲ್ಪ ಸುಣ್ಣ ಬೆರೆಸಿ. ಬೂದಿ ಮತ್ತು ಒಣ ಮಣ್ಣು ತುಂಬಿದ ಒಂದು ಟಯರನ್ನು ಮಾಡಿನ ಕೆಳಗೆ ಇಟ್ಟರೆ ಅವು ಅದರಲ್ಲಿ ಹೊರಳಾಡಿ ಹೇನು ಕಳೆದುಕೊಳ್ಳುತ್ತವೆ.

ಮಳೆಯಲ್ಲಿ ಮೊಟ್ಟೆ ಕಡಿಮೆಯಾಗುತ್ತದೆ, ಪುಕ್ಕ ಉದುರುತ್ತದೆ. ಹುಂಜವೂ ಮಂಕಾಗುತ್ತದೆ. ಆಗ ಕಾವಿಗೆ ಇಡಬೇಡಿ.

ಕಂಡ ಕೂಡಲೇ ಏಳಬೇಕಾದ ಗುರುತುಗಳು

ಕತ್ತು ತಿರುಚಿಕೊಳ್ಳುವುದು, ಕಾಲು ಎಳೆಯುವುದು, ಬಾಯಿ ತೆಗೆದು ಉಸಿರಾಡುವುದು, ಹಸಿರು ನೀರಿನ ಹಿಕ್ಕೆ: ಇದು ಕೊಕ್ಕರೆ ರೋಗ ಇರಬಹುದು. ಜುಟ್ಟು ನೀಲಿಗಟ್ಟಿ, ಮುಖ ಊದಿ, ಒಂದೇ ರಾತ್ರಿಯಲ್ಲಿ ಹಲವು ಸತ್ತರೆ ಹಕ್ಕಿಜ್ವರದ ಅನುಮಾನ. ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ದು ನೋಡಬೇಡಿ, ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. 1962ಕ್ಕೆ ಫೋನ್ ಮಾಡಿದರೂ ಆಗುತ್ತದೆ, ಅದು ಉಚಿತ.

ಇಂಥ ಹೊತ್ತಲ್ಲಿ ಉಳಿದ ಕೋಳಿಯನ್ನಾದರೂ ಮಾರಿ ದುಡ್ಡು ಮಾಡಿಕೊಳ್ಳೋಣ ಅನ್ನಿಸುತ್ತದೆ. ದಯವಿಟ್ಟು ಮಾಡಬೇಡಿ. ನನ್ನ ಅಂಗಳಕ್ಕೆ ರೋಗ ಬಂದದ್ದು ಹಾಗೆ ಯಾರೋ ಮಾರಿದ ಹುಂಜದಿಂದಲೇ. ಸತ್ತದ್ದನ್ನು ಹಳ್ಳಕ್ಕೆ ಎಸೆದರೆ ಕೆಳಗಿನ ಕೇರಿಗೂ ರೋಗ ಹೋಗುತ್ತದೆ. ಬಾವಿಯಿಂದ ದೂರ, ಮೂರು ಅಡಿಗಿಂತ ಆಳದ ಗುಂಡಿ ತೋಡಿ, ಸುಣ್ಣ ಹಾಕಿ, ಮೇಲೆ ಕಲ್ಲು ಏರಿಸಿ, ನಾಯಿ ಅಗೆಯದಂತೆ. ಗೂಡಿನ ಹಾಸು ಸುಟ್ಟು, ದಬ್ಬೆ ಮತ್ತು ಕೋಲಿಗೆ ಸುಣ್ಣ ಬಳಿದು, ಎರಡು ತಿಂಗಳು ಬಿಸಿಲಿಗೆ ತೆರೆದಿಡಿ. ಆಮೇಲೆ ಹೊಸ ಕೋಳಿ ತರುವುದಾದರೆ ಮತ್ತೆ ಒಂದನೇ ಹಂತದಿಂದ.